ಮುನಿಗ ಬಿನ್ ಪಿಳ್ಳಿಗ: ಅಡ್ಡಹೆಸರಿಲ್ಲದವರ ಅಡ್ಡಹೆಸರು

ಹಳೇ ಮೈಸೂರು ಸೀಮೆಯ ದಲಿತರಿಗೆ ಅಡ್ಡಹೆಸರೇ ಇಲ್ಲ ಎಂಬ ಮಾತು ನಮ್ಮ ವಿಚಾರಸಂಕಿರಣಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಉತ್ತರ ಕರ್ನಾಟಕದ ಗೆಳೆಯರು ಇದನ್ನು ಸ್ವಲ್ಪ ಅಸೂಯೆಯಿಂದಲೇ ಹೇಳುತ್ತಾರೆ. ಅವರ ಕಡೆ ಮಾದರ, ಚಲವಾದಿ, ಹೊಲೆಯರ ಎಂದು ಜಾತಿಯೇ ಹೆಸರಿನ ಕೊನೆಗೆ ಅಂಟಿಕೊಂಡಿರುತ್ತದೆ. ‘ಹರಿಜನ’ ಎಂಬುದೂ ಅಲ್ಲಿ ಅಡ್ಡಹೆಸರಾಗಿದೆ. ಜಾತಿ ಪ್ರಮಾಣಪತ್ರದಲ್ಲಿ ಆ ಪದ ಬರೆಯಕೂಡದು ಎಂದು ಕೇಂದ್ರ ಸರ್ಕಾರ 1982ರಲ್ಲೇ ಸೂಚನೆ ಕೊಟ್ಟಿದೆ. ಆದರೆ ಅರ್ಜಿ ಹಾಕುವ ಹುಡುಗನ ಹೆಸರಲ್ಲೇ ಹರಿಜನ ಇದ್ದರೆ ಗುಮಾಸ್ತ ಏನು ತಾನೆ ಮಾಡಿಯಾನು? “ನೀವ ಪುಣ್ಯವಂತರ್ರೀ, ಬರೇ ಇನಿಷಿಯಲ್ ಹಚ್ಕೊಂಡು ಪಾರಾಗ್ತೀರಿ” ಎಂದು ವಿಜಯಪುರದ ಕಡೆಯ ಗೆಳೆಯರೊಬ್ಬರು ನನಗೆ ಹೇಳಿದ್ದುಂಟು.

ಪಾರಾಗುವುದು ಅಷ್ಟು ಸಲೀಸೇ? ದೊಡ್ಡಬಳ್ಳಾಪುರದಲ್ಲೋ ಹೊಸಕೋಟೆಯಲ್ಲೋ ಬಾಡಿಗೆ ಮನೆ ಕೇಳಲು ಹೋದವರಿಗೆ ಗೊತ್ತು. ಮೊದಲು ಹೆಸರು ಕೇಳುತ್ತಾರೆ, ಆಮೇಲೆ ಊರು ಕೇಳುತ್ತಾರೆ, ಎರಡರಲ್ಲೂ ಪತ್ತೆಯಾಗದಿದ್ದರೆ ಅಪ್ಪನ ಹೆಸರು ಕೇಳುತ್ತಾರೆ. ಅಲ್ಲಿಗೆ ಮುಕ್ಕಾಲು ಪಾಲು ಪತ್ತೆಯಾಗಿರುತ್ತದೆ. ಇನ್ನೂ ಅನುಮಾನ ಉಳಿದರೆ, “ಊರೊಳಗಾ, ಕಾಲೋನಿಯಾ?” ಅಷ್ಟೆ. ನಮ್ಮ ಬೆಂಗಳೂರು ಗ್ರಾಮಾಂತರದಲ್ಲಿ ಜಾತಿಯ ಗುರುತು ಹೆಸರಿನ ಪಕ್ಕದಲ್ಲಿ ಬೇರೆಯಾಗಿ ನಿಂತಿಲ್ಲ, ಹೆಸರಿನ ಬಾಲದಲ್ಲೇ ಇದೆ. ಈ ಬಾಲವನ್ನು ಓದಲು ನಮ್ಮ ವಿಮರ್ಶೆ ಕಲಿತಿಲ್ಲ ಎಂಬುದು ನನ್ನ ತಕರಾರು.

‘ಮುನಿ’ ಎಂಬ ಒಂದೇ ಹೆಸರನ್ನು ತೆಗೆದುಕೊಳ್ಳೋಣ. ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರದ ಯಾವ ಹಳ್ಳಿಗೆ ಹೋಗಿ ಕೂಗಿದರೂ ಓಗೊಡುವ ಹೆಸರು ಇದು. ಮುನಿಯಪ್ಪ, ಮುನಿಶಾಮಪ್ಪ, ಮುನಿವೆಂಕಟಪ್ಪ, ಚಿಕ್ಕಮುನಿಯಪ್ಪ, ದೊಡ್ಡಮುನಿಯಪ್ಪ, ಮುನಿರಾಜು, ಮುನಿಯಮ್ಮ, ಮುನಿರತ್ನಮ್ಮ. ಸಂಸ್ಕೃತದಲ್ಲಿ ಮುನಿ ಎಂದರೆ ಮೌನಿ, ತಪಸ್ವಿ. ನಮ್ಮ ಮುನಿ ಆ ಮುನಿಯಲ್ಲ. ಅವನು ಮುನೇಶ್ವರ; ಹೊಲದ ಬದುವಿನಲ್ಲಿ, ಕೆರೆ ಏರಿಯ ಕೆಳಗೆ, ಆಲದ ಮರದ ಬುಡದಲ್ಲಿ ನೆಟ್ಟ ಕಲ್ಲು. ಅರಿಸಿನ ಕುಂಕುಮ ಬಳಿಸಿಕೊಂಡು, ಎಷ್ಟೋ ಕಡೆ ಕೋಳಿ ಕುಯ್ಯಿಸಿಕೊಂಡು, ಸಾರಾಯಿ ಬೀಡಿ ಇಡಿಸಿಕೊಂಡು ಊರು ಕಾಯುವವನು. ಮಕ್ಕಳಾಗದವರು, ಹುಟ್ಟಿದ ಮಕ್ಕಳು ಉಳಿಯದವರು ಅವನಿಗೆ ಹರಕೆ ಹೊತ್ತು, ಉಳಿದ ಮಗುವಿಗೆ ಅವನ ಹೆಸರಿಡುತ್ತಿದ್ದರು. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು, ಗಡಿ ದಾಟಿದರೆ ಹೊಸೂರು, ಕೃಷ್ಣಗಿರಿ, ಇದು ಅವನ ಸೀಮೆ. ಇನ್ನೂ ದಕ್ಷಿಣಕ್ಕೆ ಹೋದರೆ ಮುನಿಯಾಂಡಿ, ಮುನೀಶ್ವರನ್ ಆಗುತ್ತಾನೆ. ತೋಟಗಳಿಗೆ ಕೂಲಿಗೆ ಹೋದ ತಮಿಳರ ಜೊತೆ ಹಡಗು ಹತ್ತಿ ಮಲೇಷ್ಯಾ, ಸಿಂಗಪುರದಲ್ಲೂ ಗುಡಿ ಕಟ್ಟಿಸಿಕೊಂಡಿದ್ದಾನೆ. ಪಶ್ಚಿಮಕ್ಕೆ ಮಾತ್ರ ಅವನು ದೂರ ಹೋಗಲಿಲ್ಲ. ನೆಲಮಂಗಲ ತಲುಪುವಷ್ಟರಲ್ಲಿ ಮುನಿ ತೆಳುವಾಗಿ, ಹೆಸರಿನ ಕೊನೆಯೂ ಬದಲಾಗುತ್ತದೆ. ಗಂಗಯ್ಯ, ಹನುಮಂತಯ್ಯ, ನರಸಿಂಹಯ್ಯ, ಸಿದ್ದಯ್ಯ ಎಂದು ‘ಅಯ್ಯ’ ಶುರುವಾಗುತ್ತದೆ. ಮಾಗಡಿ, ತುಮಕೂರು ಕಡೆಯಿಂದ ಬಂದ ನಮ್ಮ ಕವಿಗಳ ಹೆಸರನ್ನೇ ನೋಡಿ: ಸಿದ್ದಲಿಂಗಯ್ಯ, ಕೆ.ಬಿ. ಸಿದ್ದಯ್ಯ, ಎನ್.ಕೆ. ಹನುಮಂತಯ್ಯ. (ಕೋಲಾರದ ಕೋಟಿಗಾನಹಳ್ಳಿ ರಾಮಯ್ಯ ಈ ಲೆಕ್ಕ ತಪ್ಪಿಸುತ್ತಾರೆ. ಅವರು ಯಾವ ಲೆಕ್ಕಕ್ಕೆ ಸಿಕ್ಕಿದ್ದಾರೆ?)

ಇಲ್ಲಿಯವರೆಗೆ ಇದು ಜಾನಪದದವರು ಖುಷಿಯಿಂದ ಬರೆದುಕೊಳ್ಳುವ ಸಂಗತಿ. ಮುಂದಿನದು ಅಷ್ಟು ಖುಷಿಯದಲ್ಲ. ಮುನೇಶ್ವರ ಎಲ್ಲರ ದೇವರು. ಒಕ್ಕಲಿಗರು, ಕುರುಬರು, ತಿಗಳರು, ಹೊಲೆಯರು, ಮಾದಿಗರು ಎಲ್ಲರೂ ಅವನ ಹೆಸರಿಟ್ಟುಕೊಂಡರು. ದೇವರು ಒಬ್ಬನೇ, ಹರಕೆಯೂ ಒಂದೇ. ಆದರೆ ಊರೊಳಗಿನ ಮಗು ಮುನೇಗೌಡನಾಯಿತು, ಕೆಲವು ಕಡೆ ಮುನಿರೆಡ್ಡಿಯಾಯಿತು. ಕೇರಿಯ ಮಗು? ಮನೆಯಲ್ಲಿ ಮುನಿಯಪ್ಪ. ಗೌಡರ ಹಟ್ಟಿಯ ಮುಂದೆ ನಿಂತಾಗ ಮುನಿಯ. ಶ್ಯಾನುಭೋಗರ ಪುಸ್ತಕದಲ್ಲಿ ಮುನಿಗ.

ಈ ‘ಇಗ’ ಸಣ್ಣ ಪ್ರತ್ಯಯವಲ್ಲ. ತಿಮ್ಮಪ್ಪ ತಿಮ್ಮಿಗ, ವೆಂಕಟಪ್ಪ ವೆಂಕಟಿಗ, ಪಿಳ್ಳಪ್ಪ ಪಿಳ್ಳಿಗ. ಹೆಂಗಸರಾದರೆ ಕೆಂಪಮ್ಮ ಕೆಂಪಿ, ಪಿಳ್ಳಮ್ಮ ಪಿಳ್ಳಿ. ಪಿಳ್ಳ ಎಂದರೆ ತಮಿಳು ತೆಲುಗಿನ ಕಡೆಯಿಂದ ಬಂದ, ಮಗು ಎಂಬ ಮುದ್ದಿನ ಮಾತು. ಆ ಮುದ್ದನ್ನೂ ಬಿಡದೆ ಬಾಲ ಕತ್ತರಿಸಿದರು. ಅಪ್ಪ, ಅಮ್ಮ, ಅಯ್ಯ, ಅಣ್ಣ ಎಂಬವು ನಮ್ಮ ಭಾಷೆಯಲ್ಲಿ ನೆಂಟಸ್ತಿಕೆಯ ಪದಗಳು. ಒಬ್ಬನನ್ನು ಮುನಿಯಪ್ಪ ಎಂದು ಕರೆದರೆ ಕರೆದವನ ಬಾಯಿಯಿಂದ ‘ಅಪ್ಪ’ ಹೊರಡಲೇಬೇಕು. ಹೊಲೆಯನನ್ನು ಅಪ್ಪ ಅನ್ನುವುದು ಹೇಗೆ? ಹಾಗಾಗಿ ದೇವರನ್ನು ಉಳಿಸಿಕೊಂಡು ಅಪ್ಪನನ್ನು ಕಿತ್ತರು. ಮನುಸ್ಮೃತಿಯ ಎರಡನೆಯ ಅಧ್ಯಾಯ ಶೂದ್ರನ ಹೆಸರು ಜುಗುಪ್ಸೆ ತರುವಂತಿರಬೇಕು ಅನ್ನುತ್ತದೆ; ಮುಂದಿನ ಶ್ಲೋಕ ಅವನ ಹೆಸರಿನ ಉತ್ತರಾರ್ಧದಲ್ಲಿ ಊಳಿಗ ಕಾಣಬೇಕು ಅನ್ನುತ್ತದೆ. ಅಂದರೆ ಬಾಲದ ಬಗ್ಗೆ ಅಲ್ಲೂ ಕಾನೂನಿದೆ. ನಾಲ್ಕು ವರ್ಣದ ಹೊರಗಿದ್ದವರಿಗೆ ಅಷ್ಟು ಕಾನೂನೂ ಬೇಕಾಗಲಿಲ್ಲ, ಶ್ಯಾನುಭೋಗರ ಲೇಖನಿ ಸಾಕಾಯಿತು.

ಈಗ ಯಾರು ಹಾಗೆ ಕರೀತಾರೆ ಸಾರ್, ಅಂತ ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ನಿಜ, ಅವರ ಹೆಸರುಗಳು ಮಂಜುನಾಥ, ಕಿರಣ್, ಸೌಮ್ಯ, ಚೈತ್ರ. ಘಾಟಿ ಸುಬ್ರಹ್ಮಣ್ಯದ ದಯೆಯಿಂದ ದೊಡ್ಡಬಳ್ಳಾಪುರದ ತರಗತಿಯಲ್ಲಿ ನಾಗರಾಜರಿಗೂ ಬರವಿಲ್ಲ. ಹಾಜರಿ ಪುಸ್ತಕ ನೋಡಿ ಯಾರು ಯಾರೆಂದು ಹೇಳುವುದು ಕಷ್ಟ. ಆದರೆ ಮತದಾರರ ಪಟ್ಟಿಯನ್ನು ಕೈಗೆ ತೆಗೆದುಕೊಳ್ಳಿ. ಅದರಲ್ಲಿ ಹೆಸರಿನ ಕೆಳಗೆ ತಂದೆಯದೋ ಗಂಡನದೋ ಹೆಸರು, ಅದರ ಕೆಳಗೆ ಮನೆ ನಂಬರು ಇರುತ್ತದೆ. ನಮ್ಮ ಕಡೆಯ ಒಂದು ಹಳ್ಳಿಯ ಪಟ್ಟಿಯನ್ನು ಮನೆ ನಂಬರಿನ ಪ್ರಕಾರ ಓದುತ್ತಾ ಹೋದರೆ ತಂದೆಯರ ಹೆಸರಿನ ಕೊನೆ ಬದಲಾಗುವ ಜಾಗವೊಂದು ಬರುತ್ತದೆ. ಗೌಡ, ರೆಡ್ಡಿ, ಅಣ್ಣ ನಿಂತು ಅಪ್ಪಗಳಷ್ಟೇ ಉಳಿಯುತ್ತವೆ, ನಡುನಡುವೆ ಬಾಲವೇ ಇಲ್ಲದ ಒಂದೊಂದು ಹನುಮ, ಒಂದೊಂದು ತಿಮ್ಮ ಕಾಣುತ್ತಾರೆ. ಅಲ್ಲಿಗೆ ಊರು ಮುಗಿಯಿತು, ಕಾಲೋನಿ ಶುರುವಾಯಿತು. ಮಗನ ಹೆಸರಿನಲ್ಲಿ ಅಳಿಸಿಹೋದದ್ದು ಅಪ್ಪನ ಕಾಲಂನಲ್ಲಿ ಕೂತಿದೆ. 2011ರ ಜನಗಣತಿಯಲ್ಲಿ ರಾಜ್ಯದ ಪರಿಶಿಷ್ಟ ಜಾತಿಯ ಪಾಲು ಶೇಕಡಾ 17.15, ನಮ್ಮ ಜಿಲ್ಲೆಯಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು. ಪಟ್ಟಿಯ ಆ ಜಾಗ ಪ್ರತಿ ಹಳ್ಳಿಯಲ್ಲೂ ಬರುತ್ತದೆ ಎಂದು ಹೇಳಲು ಇಷ್ಟು ಸಾಕು.

ಅಡ್ಡಹೆಸರು ಎಲ್ಲಿಂದ ಬರುತ್ತದೆ ಎಂಬುದನ್ನೂ ಒಂಚೂರು ನೋಡಬೇಕು. ಗೌಡ, ಪಟೇಲ, ಶ್ಯಾನುಭೋಗ, ಅತ್ತ ಕಡೆಯ ದೇಸಾಯಿ, ಕುಲಕರ್ಣಿ, ಇವೆಲ್ಲ ಒಂದು ಕಾಲಕ್ಕೆ ಹುದ್ದೆಗಳು. ನಮ್ಮವರಿಗೂ ಹುದ್ದೆಗಳಿದ್ದವು: ತೋಟಿ, ತಳವಾರ, ನೀರಗಂಟಿ, ಕುಳುವಾಡಿ. ಕೆರೆಯ ನೀರು ಯಾವ ಗದ್ದೆಗೆ ಎಷ್ಟು ಹೊತ್ತು ಹರಿಯಬೇಕು ಎಂದು ನೋಡುತ್ತಿದ್ದವನು ನೀರಗಂಟಿ. ಊರೂರಿಗೆ ಗಡಿ ಜಗಳ ಬಂದರೆ ಕೊನೆಯ ಮಾತು ಕುಳುವಾಡಿಯದು. ಊರ ಹೊರಗಿದ್ದವನಿಗೇ ಊರಿನ ಎಲ್ಲೆ ಗೊತ್ತಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ಈ ಎಲ್ಲ ಪಾರಂಪರ್ಯದ ಹುದ್ದೆಗಳೂ ಹೋದವು. ಪಟೇಲಿಕೆ ಹೋಯಿತು, ಗೌಡ ಎಂಬ ಬಾಲ ಉಳಿಯಿತು. ಅದು ಈಗ ವಿಧಾನಸೌಧದಲ್ಲೂ ಇದೆ, ದೇವನಹಳ್ಳಿಯ ವಿಮಾನ ನಿಲ್ದಾಣದ ಬೋರ್ಡಿನ ಮೇಲೂ ಇದೆ. ತೋಟಿಕೆಯೂ ಹೋಯಿತು. ಅದರ ಜಾಗದಲ್ಲಿ ‘ತೋಟಿ ಮನೆಯವನು’ ಎಂಬ, ಬೆನ್ನ ಹಿಂದೆ ಮಾತ್ರ ಆಡುವ ಮಾತು ಉಳಿಯಿತು. ಯಾವ ನೀರಗಂಟಿಯ ಮೊಮ್ಮಗನೂ ವಿಸಿಟಿಂಗ್ ಕಾರ್ಡಿನಲ್ಲಿ ನೀರಗಂಟಿ ಅಂತ ಹಾಕಿಸಿದ್ದನ್ನು ನಮ್ಮ ತಾಲ್ಲೂಕುಗಳಲ್ಲಿ ನಾನು ಕಂಡಿಲ್ಲ.

ಇನ್ನು ನಮ್ಮ ವಿಮರ್ಶೆಗೆ ಬರುತ್ತೇನೆ. ಕನ್ನಡ ಕಾದಂಬರಿಯ ದಲಿತ ಪಾತ್ರಗಳ ಹೆಸರುಗಳನ್ನು ‘ನೆಲದ ಸೊಗಡು’ ಎಂದು ಮೆಚ್ಚಿಕೊಳ್ಳುವ ಅಭ್ಯಾಸವೊಂದು ನಮ್ಮ ತರಗತಿ ಟಿಪ್ಪಣಿಗಳಲ್ಲಿ, ಗೈಡುಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಚೋಮ, ಕಾಳ, ನೀಲ, ಗುತ್ತಿ, ತಿಮ್ಮಿ. ಎಷ್ಟು ಸಹಜ, ಎಷ್ಟು ದೇಸಿ ಎಂದು ನಾವೂ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದೆವು. ಕಾರಂತರ ‘ಚೋಮನ ದುಡಿ’ (1933) ತೆಗೆದು ನೋಡಿ. ಚೋಮನಿಗೆ ಬಾಲವಿಲ್ಲ, ಅವನ ಮಕ್ಕಳು ಯಾರಿಗೂ ಇಲ್ಲ. ಅವನ ಧಣಿಯ ಹೆಸರು ಸಂಕಪ್ಪಯ್ಯ. ಅಪ್ಪನೂ ಇದ್ದಾನೆ, ಅಯ್ಯನೂ ಇದ್ದಾನೆ! ಚೋಮ ಕೇಳಿದ್ದು ಒಂದು ತುಂಡು ಭೂಮಿ; ಕಾದಂಬರಿಯಲ್ಲಿ ಅದು ಸಿಗುವುದಿಲ್ಲ. ಒಂದೇ ಹೆಸರಲ್ಲಿ ಎರಡೆರಡು ಗೌರವ ಇಟ್ಟುಕೊಂಡವನಿಂದ, ಒಂದೂ ಇಲ್ಲದವನು ನೆಲ ಕೇಳಿದ ಕಥೆ ಎಂದು ನನಗೆ ಅದು ಕಾಣುತ್ತದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಇನ್ನೂ ಸ್ಪಷ್ಟ. ಒಡೆಯನ ಹೆಸರಿನ ಮುಂದೆ ಸಿಂಬಾವಿ ಎಂಬ ಮನೆತನ, ಹಿಂದೆ ಹೆಗ್ಗಡೆ ಎಂಬ ಪಟ್ಟ: ಸಿಂಬಾವಿ ಭರಮೈಹೆಗ್ಗಡೆ. ಅವನ ಜೀತದಾಳಿನ ಹೆಸರಿನ ಮುಂದೆ ಒಂದು ನಾಯಿ: ನಾಯಿಗುತ್ತಿ. ಮನೆಯ ಹೆಸರು ಇರಬೇಕಾದ ಜಾಗಕ್ಕೆ ನಾಯಿ ಬಂದು ಕೂತಿದೆ. ಕಾರಂತರನ್ನೋ ಕುವೆಂಪು ಅವರನ್ನೋ ಕಟಕಟೆಗೆ ತರುವುದು ನನ್ನ ಉದ್ದೇಶವಲ್ಲ. ಅವರು ತಮ್ಮ ಕಿವಿಗೆ ಬಿದ್ದದ್ದನ್ನು ಸರಿಯಾಗಿ ಕೇಳಿಸಿಕೊಂಡು ಬರೆದರು. ಶಿಕ್ಷೆಯ ಗುರುತನ್ನು ಸೊಗಡು ಅಂದವರು ಓದಿದವರು, ಪಾಠ ಹೇಳಿದವರು, ಅಂದರೆ ನನ್ನ ಕಸುಬಿನವರು.

ದೇವನೂರ ಮಹಾದೇವರ ‘ಒಡಲಾಳ’ಕ್ಕೆ ಬಂದಾಗ ಮುದುಕಿ ಸಾಕಿ ಅಲ್ಲ, ಸಾಕವ್ವ. ಆ ‘ಅವ್ವ’ ಕೇರಿಯ ಒಳಗಿನಿಂದ ಕರೆದ ಹೆಸರು. ದಲಿತ ಸಾಹಿತ್ಯ ಭಾಷೆಗೆ ಏನು ಮಾಡಿತು ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ಎರಡು ಅಕ್ಷರ. ಆಡುಮಾತು ತಂದರು, ನುಡಿಗಟ್ಟು ತಂದರು ಎಂದು ಹೊಗಳುವ ವಿಮರ್ಶೆ, ಕಥನಕಾರ ತನ್ನ ಪಾತ್ರವನ್ನು ಯಾವ ನೆಂಟಸ್ತಿಕೆಯಿಂದ ಕರೆಯುತ್ತಿದ್ದಾನೆ ಎಂಬುದನ್ನು ಕೇಳಿಸಿಕೊಳ್ಳಬೇಕಿತ್ತು.

ಇಷ್ಟಾದರೂ ಇದು ಪುಸ್ತಕದ ಜಗಳ ಎಂದು ಚಳವಳಿಯ ಗೆಳೆಯರಿಗೆ ಅನ್ನಿಸಬಹುದು. ಹೆಸರಲ್ಲೇನಿದೆ, ಭೂಮಿ ಪ್ರಶ್ನೆ ಮಾತಾಡಿ ಅಂತ. ನಾನು ಭೂಮಿಗೇ ಬರುತ್ತಿದ್ದೇನೆ.

ನಮ್ಮ ಕಡೆಯ ಪಹಣಿ, ಸಾಗುವಳಿ ಚೀಟಿಗಳಲ್ಲಿ ಗಂಡಸಿನ ಹೆಸರಿನ ಮುಂದೆ ‘ಬಿನ್’ ಎಂದು ಬರೆದು ತಂದೆಯ ಹೆಸರು, ಹೆಂಗಸಿನ ಹೆಸರಿನ ಮುಂದೆ ‘ಕೋಂ’ ಎಂದು ಬರೆದು ಗಂಡನ ಹೆಸರು ಬರೆಯುತ್ತಾರೆ. ಬಿನ್ ಅರಬ್ಬಿಯಿಂದ ಬಂದ ದಫ್ತರದ ಮಾತು. ಅಡ್ಡಹೆಸರಿಲ್ಲದ ನಾಡಿನಲ್ಲಿ ಕಂದಾಯ ಇಲಾಖೆಯೇ ಹುಟ್ಟಿಸಿಕೊಂಡ ಅಡ್ಡಹೆಸರು ಇದು. ನನ್ನ ತಾತನಿಗೆ ದರಖಾಸ್ತಿನಲ್ಲಿ ಸಿಕ್ಕಿದ ಗೋಮಾಳದ ಚೂರಿಗೆ ಇರುವ ಕಾಗದದಲ್ಲಿ ಅವನು ‘ಮುನಿಗ ಬಿನ್ ಪಿಳ್ಳಿಗ’. ರೇಷನ್ ಕಾರ್ಡಿನಲ್ಲಿ ಮುನಿಯಪ್ಪ. ಮರಣ ಪತ್ರದಲ್ಲಿ ಪಿ. ಮುನಿಯಪ್ಪ. ಈ ಮೂವರೂ ಒಬ್ಬರೇ ಎಂದು ನಮ್ಮಪ್ಪ ಕಚೇರಿಯೊಂದಕ್ಕೆ ವರ್ಷಗಟ್ಟಲೆ ಅಲೆದರು. ವಂಶವೃಕ್ಷ ಮಾಡಿಸಿದರು, ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದರು, ಊರಿನ ಹಿರಿಯರಿಂದ ಮಹಜರಿಗೆ ರುಜು ಹಾಕಿಸಿದರು. ರುಜು ಹಾಕಿದ ಹಿರಿಯರೊಬ್ಬರು, “ಊಂ ಕಣಪ್ಪ, ನಮ್ಮ ಮುನಿಗನೇ ಅವ್ನು” ಅಂದರಂತೆ. ಅದು ಸಾಕ್ಷಿಯೂ ಹೌದು, ಅದೇ ಹಳೇ ಕೂಗೂ ಹೌದು.

ಇದು ನಮ್ಮೊಂದು ಮನೆಯ ಗೋಳಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರಭಾರೆಯಾಗದಂತೆ ತಡೆಯುವ ಕಾಯ್ದೆ 1978ರಲ್ಲಿ ಬಂತು, ನಾವೆಲ್ಲ ಪಿಟಿಸಿಎಲ್ ಅನ್ನುವುದು ಇದನ್ನೇ. ಕಾಲ ಮೀರಿತು ಎಂಬ ಕಾರಣಕ್ಕೆ ಅರ್ಜಿಗಳು ಬಿದ್ದುಹೋಗತೊಡಗಿದಾಗ ಚಳವಳಿ ಒತ್ತಾಯಿಸಿ 2023ರಲ್ಲಿ ತಿದ್ದುಪಡಿ ತಂದಿತು. ಆದರೆ ಅರ್ಜಿ ಹಾಕುವ ಮೊಮ್ಮಗ ತಾನು ಮಂಜೂರುದಾರನ ವಾರಸುದಾರ ಎಂದು ಮೊದಲು ತೋರಿಸಬೇಕು. ಎದುರು ಪಕ್ಷದ ವಕೀಲರಿಗೆ ಒಂದು ಪ್ರಶ್ನೆ ಸಾಕು: ಮುನಿಗ ಯಾರು, ಮುನಿಯಪ್ಪ ಯಾರು? ಊರಿನಲ್ಲಿ ಮುನಿಗರು ಒಬ್ಬರಾ, ಇಬ್ಬರಾ? 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ಇಳಿಯಲು ಶುರುವಾದ ಮೇಲೆ ಈ ಪ್ರಶ್ನೆಯ ಬೆಲೆ ಎಕರೆಗೆ ಕೋಟಿಗಳ ಲೆಕ್ಕಕ್ಕೆ ಹೋಯಿತು. ಶ್ಯಾನುಭೋಗ ಅಂದು ‘ಅಪ್ಪ’ ಬರೆಯದೆ ಬಿಟ್ಟದ್ದು ತಾತ್ಸಾರದಿಂದ; ಅದರಿಂದ ಲಾಭವಾದದ್ದು ಅವನು ಕಂಡೂ ಕೇಳದ ಲೇಔಟಿನವರಿಗೆ. ಗೌಡರ ಮನೆಯ ದಾಖಲೆಗಳಲ್ಲಿ ತಪ್ಪು ಇರುವುದಿಲ್ಲ ಎಂದಲ್ಲ. ಆದರೆ ಗೌಡ ಮೂರು ತಲೆಮಾರಿಗೂ ಗೌಡನೇ, ಕೊಂಡಿ ತಪ್ಪುವುದಿಲ್ಲ.

ಹೆಂಗಸರದು ಇನ್ನೊಂದು ಸುತ್ತು. ಬಹುಪಾಲು ಕಾಗದಗಳಲ್ಲಿ ಅವರು ಇಲ್ಲ. ಇದ್ದರೆ ಕೋಂ ಆಗಿ ಇದ್ದಾರೆ. ನಮ್ಮಜ್ಜಿ ಗಂಡ ಸತ್ತ ಮೇಲೆ ಆ ನೆಲದಲ್ಲಿ ರಾಗಿ ಬೆಳೆದು ಮಕ್ಕಳನ್ನು ಸಾಕಿದವಳು, ಅವಳ ಹೆಸರು ಯಾವ ಪಹಣಿಯ ಯಾವ ಕಾಲಂಗೂ ಹತ್ತಲಿಲ್ಲ. ನಮ್ಮ ಪುರುಷ ವಿಮರ್ಶಕರು, ನನ್ನನ್ನೂ ಸೇರಿಸಿ, ಹೆಸರಿನ ರಾಜಕಾರಣ ಅನ್ನುವಾಗ ಗಂಡಸರ ಹೆಸರನ್ನೇ ಮಾತಾಡುತ್ತೇವೆ.

ಸರ್ಕಾರವೂ ನಮಗೊಂದು ದೊಡ್ಡ ಹೆಸರು ಕೊಟ್ಟಿದೆ. 1920ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ‘ಪಂಚಮ’ ಹೋಗಿ ‘ಆದಿ ಕರ್ನಾಟಕ’, ‘ಆದಿ ದ್ರಾವಿಡ’ ಬಂದವು. ಮರ್ಯಾದೆಯ ಹೆಸರೇ. ಆದರೆ ಒಂದು ಜಿಲ್ಲೆಯಲ್ಲಿ ಎಕೆ ಎಂದರೆ ಹೊಲೆಯರು, ಇನ್ನೊಂದರಲ್ಲಿ ಮಾದಿಗರು ಎಂದಾಯಿತು. ಒಳಮೀಸಲಾತಿಗಾಗಿ 2025ರಲ್ಲಿ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಆಯೋಗ ಮನೆ ಮನೆ ಸಮೀಕ್ಷೆ ಮಾಡಿದಾಗ, ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನ ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಎಂಬಷ್ಟಕ್ಕೇ ನಿಂತು ಮೂಲ ಜಾತಿ ಹೇಳಲಿಲ್ಲ. ಎಷ್ಟೋ ಮಂದಿ ಬೆಂಗಳೂರಿನ ಬಾಡಿಗೆ ಮನೆಗಳ ಬಾಗಿಲಲ್ಲಿ ನಿಂತು ಉತ್ತರ ಕೊಟ್ಟಿರಬೇಕು, ಒಳಗೆ ಮನೆಯ ಮಾಲೀಕರಿಗೆ ಕೇಳಿಸುವ ಹಾಗೆ. ಅದನ್ನು ತಿಳಿವಳಿಕೆಯ ಕೊರತೆ ಎಂದು ಬಯ್ಯುವ ನಮ್ಮ ಮುಖಂಡರು ಬಾಡಿಗೆ ಮನೆಯಲ್ಲಿ ಇದ್ದು ಎಷ್ಟು ದಿನವಾಯಿತೋ.

ಹಾಗಾದರೆ ಏನೆಂದು ಕರೆದುಕೊಳ್ಳಬೇಕು? ತಮಿಳುನಾಡಿನ ಸ್ವಾಭಿಮಾನ ಚಳವಳಿ 1929ರ ಚೆಂಗಲ್ಪಟ್ಟು ಸಮ್ಮೇಳನದಲ್ಲಿ ಜಾತಿಯ ಬಾಲ ಬಿಡಬೇಕೆಂದು ನಿರ್ಣಯಿಸಿತು, ಪೆರಿಯಾರ್ ನಾಯಕ್ಕರ್ ಎಂಬುದನ್ನು ಬಿಟ್ಟರು. ಒಳ್ಳೆಯದೇ. ಬಿಡಲು ಅವರ ಬಳಿ ಒಂದು ಬಾಲವಿತ್ತು. ನಮ್ಮದನ್ನು ಮೊದಲೇ ಕತ್ತರಿಸಿಕೊಂಡಿದ್ದರು. ಅಮೆರಿಕದ ಮಾಲ್ಕಮ್ ತನ್ನ ಹಿರಿಯರಿಗೆ ಒಡೆಯರು ಅಂಟಿಸಿದ್ದ ‘ಲಿಟಲ್’ ಕಿತ್ತು ಆ ಜಾಗಕ್ಕೆ ‘ಎಕ್ಸ್’ ಇಟ್ಟುಕೊಂಡ. ನಮ್ಮಲ್ಲಿ ಕವಿ ಸುಬ್ಬು ಹೊಲೆಯಾರ್, ಜನ ಪಿಸುಗುಡುವ ಪದವನ್ನೇ ಮುಖಪುಟದ ಮೇಲೆ ಇಟ್ಟರು. ಅದಕ್ಕೆ ಎದೆಗಾರಿಕೆ ಬೇಕು. ಸಿದ್ದಲಿಂಗಯ್ಯನವರು 1975ರಲ್ಲಿ ತಮ್ಮ ಮೊದಲ ಸಂಕಲನದ ಹೆಸರಿನಲ್ಲೇ ಹೊಲೆಯ ಮಾದಿಗ ಎಂಬ ಪದಗಳನ್ನು ಇಟ್ಟದ್ದರ ಮುಂದುವರಿಕೆ ಅದು.

ಆದರೆ ನನ್ನ ಒಲವು ಇನ್ನೊಂದು ದಾರಿಯ ಕಡೆಗಿದೆ. ದೇವನೂರ ಮಹಾದೇವ, ಮೂಡ್ನಾಕೂಡು ಚಿನ್ನಸ್ವಾಮಿ, ಮೊಗಳ್ಳಿ ಗಣೇಶ್, ಕೋಟಿಗಾನಹಳ್ಳಿ ರಾಮಯ್ಯ. ಊರಿನ ಹೊರಗೆ ಇಟ್ಟವರು ಊರನ್ನೇ ತಮ್ಮ ಹೆಸರಿನ ಒಳಗೆ ಇಟ್ಟುಕೊಂಡರು. ಅಂಬೇಡ್ಕರ್ ಎಂಬುದೂ ಮೂಲದಲ್ಲಿ ಊರೇ. ಸಕ್ಪಾಳ ಮನೆತನದ ಹುಡುಗನಿಗೆ ರತ್ನಾಗಿರಿ ಸೀಮೆಯ ಅಂಬಡವೆ ಎಂಬ ಹಳ್ಳಿಯಿಂದ ಅಂಬಡವೇಕರ್ ಆಗಿ, ಶಾಲೆಯ ದಾಖಲೆಯಲ್ಲಿ ಅಂಬೇಡ್ಕರ್ ಆದದ್ದು. ನಮ್ಮ ಕಾಲೋನಿಗಳಲ್ಲಿ ಆ ಅಡ್ಡಹೆಸರೇ ಮಗುವಿನ ಹೆಸರಾಗಿದೆ, ಅಂಬೇಡ್ಕರ್ ಎಂಬ ಹುಡುಗರು ನನ್ನ ತರಗತಿಯಲ್ಲೂ ಕೂತಿದ್ದಾರೆ. ಮೇಲ್ಜಾತಿಯವರು ಊರ ಹೆಸರು ಹಾಕಿಕೊಂಡರೆ ಅದು ವಿಳಾಸ. ದಲಿತ ಹಾಕಿಕೊಂಡರೆ ಅದು ದಾವೆ. ಕುಳುವಾಡಿ ಗಡಿ ತೋರಿಸುವಾಗ ಇಡೀ ಊರನ್ನು ಸುತ್ತುಹಾಕುತ್ತಿದ್ದನಲ್ಲ, ಹಾಗೆ.

ಒಂದೇ ತೊಡಕು: ಈ ದಾವೆ ಇನ್ನೂ ಪುಸ್ತಕದ ರಕ್ಷಾಪು ದಾಟಿಲ್ಲ. ನಮ್ಮ ಜಿಲ್ಲೆಯ ಹೆಸರನ್ನೇ ‘ಬೆಂಗಳೂರು ಉತ್ತರ’ ಎಂದು ಬದಲಾಯಿಸಲು 2025ರ ಜುಲೈನಲ್ಲಿ ಸಂಪುಟಕ್ಕೆ ನಂದಿಬೆಟ್ಟದ ಒಂದು ಸಭೆ ಸಾಕಾಯಿತು. ಮುನಿಗ ಮುನಿಯಪ್ಪನಾಗಲು ಅಫಿಡವಿಟ್, ಮಹಜರು, ವಂಶವೃಕ್ಷ ಬೇಕು. ತಾಲ್ಲೂಕು ಕಚೇರಿಗಳ ಹಳೆಯ ದಫ್ತರಗಳನ್ನು ಭೂ ಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಮಾಡಿಸಲಾಗುತ್ತಿದೆ. ಮುನಿಗ, ತಿಮ್ಮಿಗ, ಪಿಳ್ಳಿಗ ಎಲ್ಲರೂ ಹಾಗೆ ಹಾಗೇ ಕಂಪ್ಯೂಟರಿಗೆ ಹೋಗುತ್ತಿದ್ದಾರೆ. ದಲಿತ ವಿಮರ್ಶೆ ಕಲಿಯಬೇಕೆಂದು ಬರುವ ಹುಡುಗರಿಗೆ ನಾನು ಈ ವರ್ಷ ಕಾದಂಬರಿಯ ಜೊತೆಗೆ ಒಂದು ಕೆಲಸ ಕೊಟ್ಟಿದ್ದೇನೆ. ಮನೆಯ ಮೂರು ತಲೆಮಾರಿನ ಹೆಸರುಗಳನ್ನು ಮೂರು ಸಾಲಿನಲ್ಲಿ ಬರೆದು ತರಬೇಕು: ಮನೆಯಲ್ಲಿ ಕರೆದದ್ದು, ಊರು ಕರೆದದ್ದು, ಕಾಗದದಲ್ಲಿ ಇರುವುದು. ಎಲ್ಲ ಜಾತಿಯ ಮಕ್ಕಳಿಗೂ ಕೊಟ್ಟಿದ್ದೇನೆ. ಒಕ್ಕಲಿಗರ ಹುಡುಗನೊಬ್ಬ ಮೂರು ಸಾಲಿನಲ್ಲೂ ಒಂದೇ ಹೆಸರು ಬರೆದು, ಇದರಲ್ಲೇನಿದೆ ಸಾರ್ ಅಂದ. ಪಕ್ಕದಲ್ಲಿದ್ದ ಹುಡುಗಿಯ ಹಾಳೆ ತೋರಿಸಿದೆ. ಅವಳ ಅಜ್ಜಿಗೆ ಮನೆಯಲ್ಲಿ ಒಂದು ಹೆಸರು, ಊರಲ್ಲಿ ಇನ್ನೊಂದು. ಮೂರನೆಯ ಸಾಲು ಖಾಲಿ. ಅವನು ಆ ಹಾಳೆಯನ್ನು ಬಹಳ ಹೊತ್ತು ನೋಡುತ್ತಿದ್ದ.